ವಲ್ಲಿಯ ಕೆಳಗಿನ ಮಾತು

ನಾರಾಯಣಪೇಟೆಯ ಎತ್ತಿನ ಸಂತೆಯಲ್ಲಿ ದೇವೇಂದ್ರಪ್ಪನಷ್ಟು ಕಡಿಮೆ ಮಾತಾಡಿ ಅಷ್ಟೊಂದು ವ್ಯಾಪಾರ ಕುದುರಿಸುವ ದಲಾಲಿ ಇನ್ನೊಬ್ಬನಿರಲಿಲ್ಲ. ಅಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದಲಾಲಿ ಹೆಗಲ ಮೇಲಿನ ವಲ್ಲಿಯನ್ನು ತನ್ನ ಕೈಯ ಮೇಲೂ ಎದುರಿನವನ ಕೈಯ ಮೇಲೂ ಹಾಸುತ್ತಾನೆ. ಆ ಬಟ್ಟೆಯ ಮರೆಯಲ್ಲಿ ಬೆರಳು ಬೆರಳನ್ನು ಹಿಡಿಯುತ್ತದೆ. ಒಂದು ಬೆರಳು ಹಿಡಿದರೆ ಒಂದು ಲೆಕ್ಕ, ಎರಡು ಹಿಡಿದರೆ ಇನ್ನೊಂದು. ಹೆಬ್ಬೆರಳಿನಿಂದ ಅಂಗೈಯ ನಡುವೆ ಒತ್ತಿದರೆ ಬೇಡ ಎಂದು. ಅಂಗೈಗೆ ಅಂಗೈ ಕೂಡಿದರೆ ವ್ಯಾಪಾರ ಮುಗಿಯಿತು. ಸುತ್ತ ನಿಂತವರಿಗೆ ಕಾಣುವುದು ಅಲುಗಾಡುವ ಬಟ್ಟೆಯೊಂದೇ. ದೇವೇಂದ್ರಪ್ಪನನ್ನು ನೋಡಿದವರು ಗಂಭೀರ ಮನುಷ್ಯ, ಹಗುರಾಗಿ ಬಾಯಿ ಬಿಡುವವನಲ್ಲ ಎಂದು ಹೊಗಳುತ್ತಿದ್ದರು. ಆ ಹೊಗಳಿಕೆ ಕೇಳಿ ಕೇಳಿ ಅವನಿಗೂ ಅದು ನಿಜವೆನ್ನಿಸತೊಡಗಿತ್ತು.

ನಿಜವೆಂದರೆ ಅವನು ತೊದಲುತ್ತಿದ್ದ. ಐದನೆಯ ವಯಸ್ಸಿನಿಂದ ತೊದಲುತ್ತಿದ್ದ. ಹೆತ್ತವರು ಬೇರೆ ಹೆಸರೇ ಸಿಗಲಿಲ್ಲವೇನೋ ಎಂಬಂತೆ ದೇವೇಂದ್ರಪ್ಪ ಎಂದಿಟ್ಟಿದ್ದರು, ಆ ಮೊದಲ ಅಕ್ಷರವೇ ಅವನ ಗಂಟಲಿಗೆ ಅಡ್ಡ ಬಿದ್ದ ಬಂಡೆ. ಏಳು ವರ್ಷದವನಿದ್ದಾಗ ಅವನ ತಾಯಿ ಗಂಟಲಿನ ಎರಡೂ ಕಡೆ ಬರೆ ಹಾಕಿಸಿದ್ದಳು. ಬರೆ ಮಾಯಿತು, ತೊದಲು ಮಾಯಲಿಲ್ಲ. ಒಮ್ಮೆ ಯಾವುದೋ ಸಾಕ್ಷಿಗೆಂದು ಕಚೇರಿಗೆ ಕರೆಸಿದಾಗ ಅಲ್ಲಿ ಹೇಳಿಕೆ ಬರೆದುಕೊಳ್ಳುವ ಪೇಶಕಾರ ಉರ್ದುವಿನಲ್ಲಿ ಹೆಸರು ಕೇಳಿದ. ದೇವೇಂದ್ರಪ್ಪ ದೇ ದೇ ಎನ್ನುತ್ತ ಬೆವರಿ ನಿಂತ. ಹಿಂದಿನವರು ನಗುತ್ತಿದ್ದರು. ಪೇಶಕಾರನಿಗೆ ಕಾಯುವ ಪುರುಸೊತ್ತಿರಲಿಲ್ಲ. ಇನ್ನೊಬ್ಬರಿಂದ ಹೆಸರು ಕೇಳಿ ಬರೆದುಕೊಂಡು ಅದರ ಮುಂದೆ 'ಗೂಂಗಾ', ಅಂದರೆ ಮೂಗ, ಎಂದು ಸೇರಿಸಿದ. ತಾನು ಮೂಗನಲ್ಲ ಎಂದು ಹೇಳಬೇಕಾದರೂ ಬಾಯಿ ಬೇಕಲ್ಲ. ದೇವೇಂದ್ರಪ್ಪ ಹೆಬ್ಬೆಟ್ಟೊತ್ತಿ ಹೊರಗೆ ಬಂದ. ಮುಂದೆ ಹದಿನೇಳು ತುಂಬಿದಾಗ ಸೋದರಮಾವ ಸಂತೆಗೆ ಕರೆದೊಯ್ದು ವಲ್ಲಿಯ ಕೆಳಗಿನ ಮಾತು ಕಲಿಸಿಕೊಟ್ಟ. ಬದುಕಿದೆ ಎಂದುಕೊಂಡ ದೇವೇಂದ್ರಪ್ಪ. ಈಗ ನಲವತ್ತೆರಡರ ವಯಸ್ಸಿನಲ್ಲಿ ಅವನಿಗೆ ಆ ಬಟ್ಟೆಯೇ ಮನೆ, ಬಟ್ಟೆಯೇ ಬಾಗಿಲು.

ಹಾಗಾಗಿ ಮಗಳು ಅಮರಮ್ಮನೂ ಐದನೆಯ ವಯಸ್ಸಿಗೆ ಅಕ್ಷರಗಳ ಮೇಲೆ ಎಡವತೊಡಗಿದಾಗ ಅವನ ಎದೆ ಒಡೆಯಿತು. ಹೆಂಡತಿ ವೀರಬಸಮ್ಮ ಧೈರ್ಯವಂತೆ, ಸುಮ್ಮನೆ ಕೂಡಲಿಲ್ಲ. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಿದಳು. ನಾಲಿಗೆಯ ಕೆಳಗೆ ಹಳ್ಳದ ಹರಳು ಇಟ್ಟುಕೊಂಡು ಮಾತಾಡು ಎಂದಳು. ಹುಡುಗಿ ಒಂದು ಹರಳು ನುಂಗಿದ್ದರಿಂದ ಅದು ಅಲ್ಲಿಗೆ ನಿಂತಿತು. ಹಕೀಮರ ಲೇಹ್ಯವಾಯಿತು, ತಾಯಿತವಾಯಿತು. ಮನೆಗೆ ಬಂದವರೆಲ್ಲ ಒಂದೊಂದು ಔಷಧಿ ಹೇಳಿ, ಚಹಾ ಕುಡಿದು, ಹುಡುಗಿಯನ್ನು ಎದುರಿಗೆ ನಿಲ್ಲಿಸಿ ಎಲ್ಲಿ ನಿನ್ನ ಹೆಸರು ಹೇಳು ನೋಡೋಣ ಎಂದು ಪರೀಕ್ಷೆ ಮಾಡಿ ಹೋಗುತ್ತಿದ್ದರು. ದೇವೇಂದ್ರಪ್ಪ ಕಂಬಕ್ಕೆ ಒರಗಿ ನೋಡುತ್ತಿದ್ದ. ಆ ಒಂದೊಂದು ಔಷಧಿಯ ರುಚಿಯೂ ಅವನ ನಾಲಿಗೆಗೆ ಗೊತ್ತಿತ್ತು. ಇದ್ಯಾವುದರಿಂದಲೂ ಆಗುವುದಿಲ್ಲ ಎಂದು ಹೇಳಬೇಕೆನ್ನಿಸುತ್ತಿತ್ತು, ಆದರೆ ಅಷ್ಟುದ್ದದ ಮಾತು ಯಾರು ಆಡಬೇಕು? ಸಾಕಾಗಿತ್ತು ಅವನಿಗೆ.

ಅವನು ಕೊಟ್ಟದ್ದು ಬೇರೆ ಔಷಧಿ. ಒಂದು ಸಂಜೆ, ಬಂದವರೆದುರು ಹೆಸರು ಹೇಳಲಾಗದೆ ಅತ್ತು ಕೆಂಪಾಗಿದ್ದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ವಲ್ಲಿಯನ್ನು ಅವಳ ಪುಟ್ಟ ಕೈಯ ಮೇಲೆ ಹಾಸಿದ. ತೋರುಬೆರಳು ಹಿಡಿದರೆ ನೀರು. ಎರಡು ಬೆರಳು ಹಿಡಿದರೆ ರೊಟ್ಟಿ. ಕಿರುಬೆರಳು ಎಳೆದರೆ ಆಟಕ್ಕೆ ಹೋಗುತ್ತೇನೆ. ಹೆಬ್ಬೆರಳು ಅಂಗೈಗೆ ಒತ್ತಿದರೆ ಬೇಡ. ಅಂಗೈ ಪೂರ್ತಿ ಹಿಡಿದರೆ ಆಗಲಿ. ಹುಡುಗಿ ಒಂದೇ ದಿನದಲ್ಲಿ ಕಲಿತು ನಕ್ಕಳು. ಎಷ್ಟೋ ತಿಂಗಳ ಮೇಲೆ ಮನೆಯಲ್ಲಿ ಆ ನಗು ಕೇಳಿಬಂದದ್ದು. ಅಪ್ಪ ಮಗಳು ಹೊಸ ಹೊಸ ಗುರುತು ಕಟ್ಟುತ್ತ ಸಂಜೆಗಳನ್ನು ಕಳೆದರು. ನೋಡಿ ನೋಡಿ ವೀರಬಸಮ್ಮನಿಗೂ ಅವು ಅರ್ಥವಾಗತೊಡಗಿದವು. ಮಗಳಿಗೆ ತಾನೊಂದು ಆಸ್ತಿ ಬಿಟ್ಟುಕೊಡುತ್ತಿದ್ದೇನೆ ಎಂದು ದೇವೇಂದ್ರಪ್ಪ ಹಿಗ್ಗಿದ.

ಅಮರಮ್ಮನಿಗೆ ಒಂಬತ್ತು ತುಂಬಿದ ವರ್ಷ, ಬೇಸಿಗೆಯ ಒಂದು ಬೆಳಿಗ್ಗೆ, ವೀರಬಸಮ್ಮ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಮಗಳು ಬಂದು ಬಾಗಿಲ ಬಳಿ ನಿಂತಳು. ನಿಂತೇ ಇದ್ದಳು. ಎರಡು ರೊಟ್ಟಿ ಬಡಿದು ಮುಗಿದ ಮೇಲೆ ತಾಯಿ ತಿರುಗಿ ನೋಡಿದರೆ ಹುಡುಗಿಯ ತುಟಿ ನೀಲಿಗಟ್ಟಿತ್ತು, ಕಾಲು ಬಾತಿತ್ತು. ಚೇಳು ಕಡಿದಿತ್ತು. ತಾಯಿಯ ಕೈ ಹಿಟ್ಟಿನಲ್ಲಿದೆ, ಖಾಲಿಯಾದ ಮೇಲೆ ಬೆರಳು ಹಿಡಿದು ಹೇಳೋಣ ಎಂದು ಹುಡುಗಿ ಅಷ್ಟು ಹೊತ್ತು ನೋವು ನುಂಗಿಕೊಂಡು ಕಾದಿದ್ದಳು. ಕೂಗುವುದೊಂದಿದೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

ವಿಷ ಇಳಿಯಿತು, ಹುಡುಗಿ ಉಳಿದಳು. ಸಂತೆಯಿಂದ ಬಂದ ಗಂಡನಿಗೆ ವೀರಬಸಮ್ಮ ಆ ದಿನ ನೀರು ಕೊಡಲಿಲ್ಲ. ಯುಗಾದಿಯಾದ ಮೇಲೆ ಈ ಹುಡುಗಿಯ ಬಾಯಿಂದ ಒಂದು ಮಾತಾದರೂ ಕೇಳಿದ್ದು ನೆನಪಿದೆಯೇ ಎಂದು ಕೇಳಿದಳು. ಅವನಿಗೆ ನೆನಪಿರಲಿಲ್ಲ.

"ನೀವು ಆಕಿಗೆ ಮಾತು ಕಲಿಸಲಿಲ್ಲರಿ," ಎಂದಳು. "ಬಾಯಿ ಮುಚ್ಚೋದು ಕಲಿಸಿದ್ರಿ."

ಅವನು ಅಭ್ಯಾಸದಂತೆ ಹೆಗಲ ಮೇಲಿನ ವಲ್ಲಿಗೆ ಕೈಹಾಕಿದ. ಅವಳು ಎದ್ದು ಒಳಗೆ ಹೋದಳು.

ಮಾರನೆಯ ದಿನದಿಂದ ಮನೆಯಲ್ಲಿ ಎರಡು ಊರುಗಳ ಹೆಸರು ಕೇಳಿಬಂತು. ಒಂದು ಮಕ್ತಲ್, ಇನ್ನೊಂದು ಗದ್ವಾಲ. ಮಕ್ತಲದಲ್ಲಿ ಶರಣಯ್ಯ ಎಂಬ ಜಂಗಮರೊಬ್ಬರು ಮಠದ ಕಟ್ಟೆಯ ಮೇಲೆ ಕನ್ನಡದ ಸಾಲೆ ನಡೆಸುತ್ತಿದ್ದರು. ಸರಕಾರದ ಮದರಸಾದಲ್ಲಿ ಉರ್ದು ಕಲಿಸುತ್ತಿದ್ದರಿಂದ ಮನೆಮಾತಿನ ಅಕ್ಷರ ಬೇಕೆನ್ನುವವರು ಮಕ್ಕಳನ್ನು ಅಲ್ಲಿಗೆ ಕಳಿಸುತ್ತಿದ್ದರು. ತೊದಲುವ ಮಕ್ಕಳನ್ನು ಅವರು ಬೇರೆಯಾಗಿ ಕೂರಿಸಿಕೊಂಡು ತಿದ್ದುತ್ತಾರೆಂದು ಸುದ್ದಿಯಿತ್ತು. ಗದ್ವಾಲದಲ್ಲಿ ಶ್ರೀರಾಮುಲು ಎಂಬ ನಾಟಿ ವೈದ್ಯನಿದ್ದ. ಎತ್ತುಗಳಿಗೂ ಮನುಷ್ಯರಿಗೂ ನೋಡುತ್ತಿದ್ದ. ನಾಲಿಗೆಯ ಕೆಳಗಿನ ನರ ಬಿಗಿದಿರುವುದೇ ತೊದಲಿಗೆ ಕಾರಣ, ಅದನ್ನು ಕೊಯ್ದರೆ ಮೂರು ದಿನದಲ್ಲಿ ಮಾತು ಸರಾಗ ಎನ್ನುವುದು ಅವನ ವಾದ. ಕತ್ತಿ ಎಂದರೆ ವೀರಬಸಮ್ಮನಿಗೆ ಜೀವ ಹಾರುತ್ತಿತ್ತು. ಮೊದಲು ಮಕ್ತಲಕ್ಕೆ ಹೋಗಿ ಬನ್ನಿ ಎಂದಳು. ಮಕ್ತಲದ ಸಂತೆಗೆ ದೇವೇಂದ್ರಪ್ಪ ಹೇಗೂ ವಾರಕ್ಕೊಮ್ಮೆ ಹೋಗುತ್ತಿದ್ದ. ಮಗಳನ್ನೂ ಬಂಡಿಯಲ್ಲಿ ಕೂರಿಸಿಕೊಂಡ.

ಅವರು ಹೋದಾಗ ಸಾಲೆಯಲ್ಲಿ ಮಕ್ಕಳು ಒಟ್ಟಿಗೆ ಮಗ್ಗಿ ಹೇಳುತ್ತಿದ್ದರು. ಶರಣಯ್ಯ ಅರವತ್ತರ ತೆಳ್ಳನೆಯ ಮನುಷ್ಯ. ಏನನ್ನೂ ಕೇಳದೆ ಅಮರಮ್ಮನನ್ನು ಮಕ್ಕಳ ನಡುವೆ ಕೂರಿಸಿ ಮಗ್ಗಿ ಮುಂದುವರಿಸಿದರು. ಎರಡರ ಮಗ್ಗಿ ಮುಗಿಯಿತು, ಮೂರರದು ಮುಗಿಯಿತು. ನಾಲ್ಕರದಕ್ಕೆ ಬಂದಾಗ ಹುಡುಗಿಯ ತುಟಿ ಅಲ್ಲಾಡುತ್ತಿತ್ತು. ಐದರದಕ್ಕೆ ದೇವೇಂದ್ರಪ್ಪನಿಗೆ ಆ ಗದ್ದಲದ ನಡುವೆಯೂ ಮಗಳ ದನಿ ಕೇಳಿತು. ಒಂದೂ ಅಕ್ಷರ ಎಡವದೆ ಹತ್ತರ ತನಕ ಹೋದಳು.  ಗುಣವಾಯಿತು ಎಂದೇ ಅವನು ನಂಬಿದ.

ಶರಣಯ್ಯ ಅವನನ್ನು ಕಟ್ಟೆಯ ಈಚೆಗೆ ಕರೆದು ಕೂರಿಸಿದರು. ಅವರು ಬಾಯಿ ತೆರೆದ ಮೇಲೆ ತಿಳಿಯಿತು, ಅವರೂ ತೊದಲುತ್ತಾರೆ. ಅಕ್ಷರ ಸಿಕ್ಕಿಕೊಂಡಾಗ ಅವರು ಗಾಬರಿಯಾಗುತ್ತಿರಲಿಲ್ಲ, ಕಣ್ಣು ತಪ್ಪಿಸುತ್ತಿರಲಿಲ್ಲ. ಬಾಗಿಲು ತೆರೆಯಲೆಂದು ನಿಂತವರಂತೆ ಸುಮ್ಮನೆ ಕಾದು, ತೆರೆದ ಮೇಲೆ ಮುಂದೆ ಹೋಗುತ್ತಿದ್ದರು. ಒಟ್ಟಿಗೆ ಹೇಳುವಾಗ ಯಾರೂ ತೊದಲುವುದಿಲ್ಲ, ಅದು ಬರೀ ಊರುಗೋಲು, ಒಂಟಿಯಾಗಿ ನಿಂತ ಕೂಡಲೇ ತೊದಲು ಮತ್ತೆ ಬರುತ್ತದೆ ಎಂದರು.

"ಪೂರಾ ಹೋಗತೈತಿ ಅಂತ ನಾ ಹೇಳಂಗಿಲ್ಲರಿ. ನ... ನಂದೇ ಹೋಗಿಲ್ಲ. ಅಂಜಿಕಿ ಹೋಗತೈತಿ. ಅಂಜಿಕಿ ಹೋದ ಮ್ಯಾಲ ತೊದಲು ಅರ್ಧ ಆಗತೈತಿ. ಉಳಿದರ್ಧ ಇಟ್ಕೊಂಡು ಬಾಳೇ ಮಾಡಬೇಕು."

ಹೇಗೆ ಮಾಡುತ್ತಾರೆಂದೂ ವಿವರಿಸಿದರು. ಎರಡು ತಿಂಗಳು ಹುಡುಗಿ ತಮ್ಮ ಮನೆಯಲ್ಲೇ ಇರಲಿ, ತಮ್ಮ ಹೆಂಡತಿ ನೋಡಿಕೊಳ್ಳುತ್ತಾಳೆ. ಮೊದಲು ತಾವೂ ಅವಳೂ ಒಟ್ಟಿಗೆ ಓದುವುದು, ಆಮೇಲೆ ತಮ್ಮ ದನಿ ತಗ್ಗುತ್ತ ಅವಳದು ಉಳಿಯುವುದು. ಮೊದಲ ಅಕ್ಷರವನ್ನು ತಳ್ಳದೆ ಉಸಿರಿನ ಮೇಲೆ ಮೆಲ್ಲಗೆ ಬಿಡುವುದು. ಮನೆಯಲ್ಲಿ ಯಾರೂ ಅವಳ ಮಾತನ್ನು ತಾವು ಮುಗಿಸಬಾರದು, ಸಾವಕಾಶ ಹೇಳು ಎಂದು ಉಪದೇಶಿಸಬಾರದು, ನೆಂಟರ ಮುಂದೆ ಹೆಸರು ಹೇಳಿಸಬಾರದು. ಬೆರಳಿನ ಮಾತು ಪೂರ್ತಿ ಬಂದ್ ಆಗಬೇಕು. ಇಷ್ಟಕ್ಕೂ ದೇವೇಂದ್ರಪ್ಪ ತಲೆಯಾಡಿಸಿದ. ಕೊನೆಯದೊಂದಿತ್ತು.

"ವಾರಕ್ಕೊಮ್ಮೆ ನೀವು ಬಂದು ಆಕಿ ಬಾಜೂ ಕುಂತು ಮಾತಾಡಬೇಕ್ರಿ. ಹುಡುಗರ ಮುಂದ, ಜೋರಾಗಿ. ಅಪ್ಪ ಬಾಯಿ ಮುಚ್ಕೊಂಡು ಕುಂತ್ರ ಮಗಳು ಯಾಕ ತೆಗೀತಾಳ?"

ದೇವೇಂದ್ರಪ್ಪನ ಗಂಟಲಿನ ಹಳೆಯ ಬರೆ ಬಿಸಿಯಾದಂತಾಯಿತು. ಸಂತೆಯ ಊರಿನಲ್ಲಿ, ದಾರಿಗೆ ಕಾಣುವ ಕಟ್ಟೆಯ ಮೇಲೆ, ಮೂವತ್ತು ಮಕ್ಕಳ ಮುಂದೆ! ಇಪ್ಪತ್ತೈದು ವರ್ಷ ಬಟ್ಟೆಯ ಕೆಳಗೆ ಮುಚ್ಚಿಟ್ಟಿದ್ದನ್ನು ಈಗ ತೆರೆದಿಡಬೇಕೇ? ಅವನು ಎದ್ದು ಕೈಮುಗಿದು ಮಗಳನ್ನು ಕರೆದುಕೊಂಡು ಹೊರಟ. ಬಂಡಿ ಹತ್ತುವಾಗ ಹುಡುಗಿ ಹಿಂತಿರುಗಿ ನೋಡುತ್ತಿದ್ದಳು.

ಮನೆಗೆ ಬಂದ ಮೇಲೆ, ಅವರು ಏನಂದರು ಎಂದು ವೀರಬಸಮ್ಮ ಕೇಳಿದಾಗ ಅವನು ಕಷ್ಟಪಟ್ಟು ಎರಡೇ ಮಾತು ಹೇಳಿದ, "ಪೂರಾ ಹೋಗಂಗಿಲ್ಲಂತ." ಅದು ಸುಳ್ಳಲ್ಲ. ಉಳಿದದ್ದನ್ನು ಹೇಳಲಿಲ್ಲ, ಅಷ್ಟೇ. ತೊದಲುವವನಿಗೆ ಇದೊಂದು ಅನುಕೂಲ, ಅರ್ಧ ಹೇಳಿ ನಿಲ್ಲಿಸಿದರೆ ಉಳಿದದ್ದನ್ನು ಬೇಕೆಂದೇ ಬಿಟ್ಟ ಎಂದು ಯಾರೂ ಅನುಮಾನಿಸುವುದಿಲ್ಲ.  ಪೂರ್ತಿ ಹೋಗದ ಮೇಲೆ ಅಲ್ಲಿ ಬಿಟ್ಟು ಏನು ಪ್ರಯೋಜನ, ಶಿವನ ಮೇಲೆ ಭಾರ ಹಾಕಿ ಗದ್ವಾಲಕ್ಕೇ ಒಯ್ಯಿರಿ ಎಂದು ವೀರಬಸಮ್ಮ ಕಣ್ಣೊರೆಸಿಕೊಂಡಳು. ಮಡಿಲಲ್ಲಿ ಹಾಲುಗೂಸು ಇದ್ದುದರಿಂದ ತಾನು ಹೊರಡುವಂತಿರಲಿಲ್ಲ. ದೇವೇಂದ್ರಪ್ಪನಿಗೆ ಹಗುರೆನ್ನಿಸಿತು. ಹಗುರೆನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಆದರೆ ದಣಿದ ಮನುಷ್ಯ ನಾಚಿಕೆಯನ್ನು ಬದಿಗಿಟ್ಟು ಮಲಗುತ್ತಾನೆ, ಅವನೂ ಮಲಗಿದ.

ಗದ್ವಾಲದ ದಾರಿ ಮಕ್ತಲದ ಮೇಲೆಯೇ ಹೋಗುತ್ತದೆ. ಮಠದ ಹತ್ತಿರ ಬಂದಾಗ ಮಗ್ಗಿಯ ಸದ್ದು ಕೇಳಿಸಿತು. ಅಮರಮ್ಮ ಬಂಡಿಯ ಪಕ್ಕೆಗೆ ಸರಿದು ತುಟಿಯಾಡಿಸತೊಡಗಿದಳು. ದೇವೇಂದ್ರಪ್ಪ ಎತ್ತುಗಳ ಬಾಲ ತಿರುವಿ ಬಂಡಿ ಓಡಿಸಿದ.

ಕೃಷ್ಣೆಯ ದಂಡೆಯಲ್ಲಿ ಪರಿಚಯದವರ ಹಟ್ಟಿಯಲ್ಲಿ ಬಂಡಿ ಬಿಟ್ಟು ಹರಿಗೋಲು ಹತ್ತಿದರು. ಹರಿಗೋಲು ನಡೆಸುವವನು ಮಾತಿನ ಮನುಷ್ಯ. ಯಾವ ಊರು, ಯಾರ ಮಗಳು, ಎಲ್ಲಿಗೆ ಹೊರಟಿದ್ದೀರಿ ಎಂದು ವಿಚಾರಿಸಿದ. ಹುಡುಗಿ ಅಪ್ಪನನ್ನು ನೋಡಿದಳು, ಅಪ್ಪ ನೀರನ್ನು ನೋಡಿದ. ಇಬ್ಬರೂ ಮೂಗರೇನೋ ಎಂದುಕೊಂಡು ಆತ ಆಮೇಲೆ ಕೈಯಲ್ಲಿನ ಹುಟ್ಟಿನ ಜೊತೆಗೇ ಮಾತಾಡಿಕೊಂಡ.

ಶ್ರೀರಾಮುಲುವಿನ ಮನೆಯಂಗಳದಲ್ಲಿ ಕಾಲು ಉಳುಕಿದ ಎರಡು ಎತ್ತು, ಅವುಗಳನ್ನು ಹಿಡಿದು ತಂದ ನಾಲ್ಕಾರು ಜನ ಇದ್ದರು. ವೈದ್ಯ ಕೆಟ್ಟವನಲ್ಲ. ತನ್ನ ಕೈಗುಣದಲ್ಲಿ ಅವನಿಗೆ ಪೂರ್ಣ ನಂಬಿಕೆಯಿತ್ತು, ತೊಂದರೆಯಿದ್ದದ್ದು ಅದೊಂದೇ. ಸಂತೆಯ ದಲಾಲಿಯನ್ನು ಗುರುತಿಸಿ ನಕ್ಕು ಕೂರಿಸಿದ. ದೇವೇಂದ್ರಪ್ಪ ಮಗಳನ್ನು ಮುಂದೆ ನಿಲ್ಲಿಸಿ ತನ್ನ ನಾಲಿಗೆ ಮುಟ್ಟಿ ತೋರಿಸಿದ, ಅಷ್ಟರಲ್ಲೇ ಎಲ್ಲ ಅರ್ಥವಾಯಿತು. ಶ್ರೀರಾಮುಲು ಹುಡುಗಿಯ ನಾಲಿಗೆ ಎತ್ತಿ ನೋಡಿ, ನರ ಬಿಗಿದಿದೆ, ಒಂದು ಗಳಿಗೆಯ ಕೆಲಸ, ಮೂರು ದಿನ ಗಂಜಿ ಕುಡಿಸಿದರೆ ಸಾಕು ಎಂದು ತೆಲುಗು ಬೆರೆತ ಕನ್ನಡದಲ್ಲಿ ಹೇಳಿದ. ಸಂತೆಯ ರೀತಿ ತಿಳಿದವನು, ತಾನಾಗಿಯೇ ಕೈ ಮುಂದೆ ಚಾಚಿದ.

ಇಲ್ಲಿ ಬಾಯಿ ತೆರೆಯುವ ಅಗತ್ಯವೇ ಇಲ್ಲ. ದೇವೇಂದ್ರಪ್ಪನ ವಲ್ಲಿ ತಾನಾಗಿ ಹೆಗಲಿಂದ ಜಾರಿ ಕೈಗಳ ಮೇಲೆ ಬಿತ್ತು. ಬೆರಳಿಗೆ ಬೆರಳು ಸಿಕ್ಕಿತು. ಅವನು ಒಂದು ಕ್ಷಣ ತಡೆದ. ಆಮೇಲೆ ಎರಡು ದಿನದ ದಾರಿ, ನಾಲ್ಕು ವರ್ಷದ ಔಷಧಿ, ಮಠದ ಕಟ್ಟೆಯ ಭಯ ಎಲ್ಲ ಸೇರಿ ಅವನ ಕೈಯನ್ನು ಮುಂದಕ್ಕೆ ನೂಕಿದವು. ಅಂಗೈಗೆ ಅಂಗೈ ಕೂಡಿತು.

ಶ್ರೀರಾಮುಲು ಸಣ್ಣ ಕತ್ತಿಯೊಂದನ್ನು ಕೆಂಡದ ಮೇಲಿಟ್ಟು ಒಳಗೆ ಕೂಗಿದ. ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಅರಿಶಿಣದ ಬಟ್ಟಲು ಹಿಡಿದು ಬಂದಳು. ಇವಳು ಪೆಂಟಮ್ಮ, ನನ್ನ ಅಕ್ಕನ ಮಗಳು, ಮಕ್ಕಳ ತಲೆಯನ್ನು ಇವಳೇ ಹಿಡಿದುಕೊಳ್ಳುವುದು ಎಂದ ವೈದ್ಯ. ಮತ್ತೆ ಹೆಮ್ಮೆಯಿಂದ ಸೇರಿಸಿದ, "ಈಕಿಗೂ ನಾನೇ ಮಾಡೀನಿ ಅಯ್ಯಾ. ಹನ್ನೆರಡು ವರ್ಷದಾಕಿ ಇದ್ದಳು. ಅವತ್ತಿನಿಂದ ಇವತ್ತಿನ ತನಕ ಒಂದು ಸಲಾನೂ ತೊದಲಿಲ್ಲ."

ಪೆಂಟಮ್ಮ ಅಮರಮ್ಮನ ಎದುರು ಕುಕ್ಕರಗಾಲಲ್ಲಿ ಕೂತಳು. ಹುಡುಗಿಯ ಗಲ್ಲ ಮುಟ್ಟಿ ಮಮತೆಯಿಂದ ನಕ್ಕಳು. ಬಾಯಾರಿಕೆಯೇ ಎಂದು ಹೆಬ್ಬೆರಳನ್ನು ತುಟಿಗೆ ತೋರಿಸಿ ಕೇಳಿದಳು. ಅಮರಮ್ಮ ತೋರುಬೆರಳು ಎತ್ತಿದಳು. ನೀರು ಬಂತು. ಹೆದರಿಕೆಯೇ ಎಂದು ಪೆಂಟಮ್ಮ ಎದೆಯ ಮೇಲೆ ಕೈಯಿಟ್ಟು ತೋರಿಸಿದಳು. ಹುಡುಗಿ ಹೌದೆಂದು ತಲೆಯಾಡಿಸಿದಳು. ಇಬ್ಬರ ಕೈಗಳೂ ಹಳೆಯ ಗೆಳತಿಯರಂತೆ ಮಾತಾಡತೊಡಗಿದವು. ಪೆಂಟಮ್ಮನ ಬಾಯಿ ಒಮ್ಮೆಯೂ ತೆರೆಯಲಿಲ್ಲ.

ದೇವೇಂದ್ರಪ್ಪ ನೋಡುತ್ತಲೇ ಇದ್ದ. ಇಪ್ಪತ್ತೆಂಟು ವರ್ಷ ತೊದಲದವಳು. ಇಪ್ಪತ್ತೆಂಟು ವರ್ಷದಲ್ಲಿ ಇವಳು ಮಾತಾಡಿದ್ದಾದರೂ ಎಷ್ಟು? ಅಂಗಳದಲ್ಲಿದ್ದ ಯಾರಿಗೂ ಅದು ವಿಚಿತ್ರವಾಗಿ ಕಾಣಲಿಲ್ಲ. ಗಂಭೀರ ಹೆಂಗಸು ಎನ್ನುತ್ತಿದ್ದರೇನೋ. ಅವನಿಗೆ ಕಂಡದ್ದು ತನ್ನ ಮಗಳು. ನಲವತ್ತರ ವಯಸ್ಸಿನ, ನರೆ ಬಂದ, ಬೆರಳೆತ್ತಿ ನೀರು ಕೇಳುವ ಅಮರಮ್ಮ. ಅವಳ ಪಕ್ಕದಲ್ಲಿ ತಾನೂ ಕಂಡ.

ಅಷ್ಟರಲ್ಲಿ ವಲ್ಲಿಯ ಕೆಳಗೆ ಪುಟ್ಟ ಕೈಯೊಂದು ನುಸುಳಿ ಅವನ ಅಂಗೈ ಹುಡುಕಿತು. ಹೆಬ್ಬೆರಳು ನಡುವೆ ಬಂದು ಒತ್ತಿತು. ಬೇಡ. ಮತ್ತೆ ಒತ್ತಿತು. ಕತ್ತಿ ಕೆಂಡದ ಮೇಲೆ ಕೆಂಪಾಗಿತ್ತು. ಆ ಬೆರಳು ಬಿಡದೆ ಒತ್ತುತ್ತಿತ್ತು, ಅವನೇ ಕಲಿಸಿದ ರೀತಿಯಲ್ಲಿ, ಅವನೊಬ್ಬನಿಗೇ ಕೇಳುವಂತೆ.

ಮಗಳನ್ನು ಎತ್ತಿಕೊಂಡು ಸುಮ್ಮನೆ ಎದ್ದು ಹೋಗಬಹುದಿತ್ತು. ಆದರೆ ಅವನು ಸಂತೆಯ ಮನುಷ್ಯ, ಅಂಗೈ ಕೂಡಿಯಾಗಿತ್ತು. ಇಪ್ಪತ್ತೈದು ವರ್ಷದಲ್ಲಿ ಕೂಡಿದ ಅಂಗೈಯನ್ನು ಅವನು ಒಮ್ಮೆಯೂ ಬಿಡಿಸಿಕೊಂಡಿರಲಿಲ್ಲ. ಬಿಡಿಸಿಕೊಳ್ಳುವುದಕ್ಕೆ ಒಂದು ಕ್ರಮವಿತ್ತು. ಬೆರಳಿನಿಂದ ಆದ ವ್ಯಾಪಾರವನ್ನು ಬೆರಳಿನಿಂದ ಮುರಿಯುವಂತಿಲ್ಲ. ನಾಲ್ಕು ಜನರ ಎದುರು ತನ್ನ ಹೆಸರು ಹೇಳಿ, ಊರು ಹೇಳಿ, ಬೇಡ ಎಂದು ಬಾಯಿಂದ ಹೇಳಬೇಕು. ಹೇಳಿ ವಲ್ಲಿಯನ್ನು ಎದುರಿನವನ ಕಾಲ ಬಳಿ ಇಳಿಸಬೇಕು. ವಲ್ಲಿ ಇಳಿಸಿದವನ ಕೈಗೆ ಒಂದು ವರ್ಷ ಯಾವ ಸಂತೆಯಲ್ಲೂ ಯಾರೂ ಕೈಯಿಡುವುದಿಲ್ಲ.

ದೇವೇಂದ್ರಪ್ಪ ಎದ್ದು ನಿಂತ. ಶ್ರೀರಾಮುಲು ಕತ್ತಿ ಎತ್ತಿಕೊಂಡವನು ತಿರುಗಿ ನೋಡಿದ.

"ನಾ... ದೇ," ಎಂದ ದೇವೇಂದ್ರಪ್ಪ. "ದೇ... ದೇ..."

ಬಂಡೆ ಬಂದು ಅಡ್ಡ ನಿಂತಿತು. ಕತ್ತಿನ ನರ ಉಬ್ಬಿತು, ಕಣ್ಣು ತಾನಾಗಿ ಮುಚ್ಚಿಕೊಂಡಿತು. ಎತ್ತು ಹಿಡಿದವರಲ್ಲಿ ಒಬ್ಬ ಕಿಸಕ್ಕೆಂದ. ಇನ್ನೊಬ್ಬ, ದೇವರ ಹೆಸರು ಹೇಳುತ್ತಿದ್ದಾನೇನೋ ಎಂದ. ಶ್ರೀರಾಮುಲು ಸಹಾಯ ಮಾಡುವ ಒಳ್ಳೆಯ ಮನಸ್ಸಿನಿಂದ, ದೇವೇಂದ್ರಪ್ಪ ಅಂತ ನನಗೆ ಗೊತ್ತು, ಮುಂದೆ ಹೇಳಿ ಎಂದ. ದೇವೇಂದ್ರಪ್ಪ ಬೇಡವೆಂದು ತಲೆಯಾಡಿಸಿದ. ಆ ಹೆಸರನ್ನು ಇವತ್ತು ಇನ್ನೊಬ್ಬರು ಹೇಳುವಂತಿರಲಿಲ್ಲ. ಮಠದ ಕಟ್ಟೆಯ ಶರಣಯ್ಯ ನೆನಪಾದರು. ತಳ್ಳುವುದನ್ನು ಬಿಟ್ಟು ನಿಂತ. ಕಣ್ಣು ತೆರೆದು ನಗುವವರನ್ನು ನೋಡುತ್ತ ನಿಂತ. ವೈದ್ಯನ ಕೈಯಲ್ಲಿದ್ದ ಕತ್ತಿಯ ಕೆಂಪು ಆರಿ ಕಪ್ಪಾಯಿತು. ಅಂಗಳದಲ್ಲಿದ್ದವರಿಗೆ ನಗುವುದೂ ಸಾಕಾಯಿತು.

"ದೇ... ದೇವೇಂದ್ರಪ್ಪ. ನಾ... ನಾರಾಯಣಪೇಟಿ. ಬ... ಬ್ಯಾಡ. ಈ ವ್ಯಾಪಾರ ನಂದಲ್ಲ. ನಾಲಿಗಿ ಆ... ಆಕಿದು."

ವಲ್ಲಿಯನ್ನು ಮಡಿಸಿ ಶ್ರೀರಾಮುಲುವಿನ ಕಾಲ ಬಳಿ ಇಟ್ಟ. ಎತ್ತಿನವರು ಮುಖ ಮುಖ ನೋಡಿಕೊಂಡರು. ಮುಂದಿನ ಸಂತೆಯೊಳಗೆ ಈ ಸುದ್ದಿ ನಾರಾಯಣಪೇಟೆ ಮುಟ್ಟುವುದರಲ್ಲಿ ಅನುಮಾನವಿರಲಿಲ್ಲ. ವೈದ್ಯ ಸಿಟ್ಟು ಮಾಡಲಿಲ್ಲ, ಸಂಕಟದಿಂದ ತಲೆ ಕೊಡವಿದ. ಪೆಂಟಮ್ಮ ಮಾತ್ರ ಬಾಗಿಲ ತನಕ ಹಿಂದೆ ಬಂದಳು. ಅಮರಮ್ಮನ ತಲೆ ಸವರಿ ಏನೋ ಹೇಳಲೆಂದು ತುಟಿ ತೆರೆದಳು. ದನಿ ಹೊರಡಲಿಲ್ಲ. ಕೈಯಿಂದಲೇ ಹೋಗಿ ಬನ್ನಿ ಎಂದು ತೋರಿಸಿದಳು.

ಹೊಳೆಯ ತನಕ ಇಬ್ಬರೂ ನಡೆದರು. ದೇವೇಂದ್ರಪ್ಪನ ಹೆಗಲು ಬೋಳಾಗಿತ್ತು, ಬಿಸಿಲು ಸುಡುತ್ತಿತ್ತು. ಒಂದು ವರ್ಷ ಮನೆ ಹೇಗೆ ನಡೆಯುವುದೋ, ಹೆಂಡತಿಗೆ ಬಿಟ್ಟ ಅರ್ಧ ಮಾತನ್ನು ಹೇಗೆ ಹೇಳುವುದೋ, ಅವನಿಗೆ ತಿಳಿಯದು. ಎದೆಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. ದಣಿವು ಮಾತ್ರ ಇತ್ತು, ಹೊತ್ತ ಹೊರೆಯನ್ನು ದಾರಿಯಲ್ಲಿ ಇಳಿಸಿದವನ ದಣಿವು. ಅಮರಮ್ಮ ಎರಡು ಮೂರು ಸಲ ಅವನ ಅಂಗೈಗೆ ಬೆರಳು ತಂದಳು. ಅವನು ಬೆರಳು ಕೂಡಿಸಲಿಲ್ಲ, ಕೈ ಮಾತ್ರ ಹಿಡಿದುಕೊಂಡ.

ಹರಿಗೋಲಿನವನು ಅದೇ ಮನುಷ್ಯ. ಮೂಗರೆಂದು ತಿಳಿದಿದ್ದರೂ ಬಾಯಿ ಸುಮ್ಮನಿರಬೇಕಲ್ಲ, ಆಚೆ ದಂಡೆಯಿಂದ ಯಾವ ಊರಿಗೆ ಹೋಗುತ್ತೀರಿ ಎಂದು ಕೇಳಿದ. ದೇವೇಂದ್ರಪ್ಪ ಉತ್ತರ ಹೇಳಲೆಂದು ಉಸಿರೆಳೆದುಕೊಂಡ. ಅವನಿಗಿಂತ ಮೊದಲು ಪಕ್ಕದಿಂದ ಒಂದು ಸದ್ದು ಬಂತು.

"ಮ..." ಎಂದಳು ಅಮರಮ್ಮ. "ಮ... ಮ..."

ಯುಗಾದಿಯಿಂದೀಚೆಗೆ ಅವಳು ಒಂಟಿಯಾಗಿ ತೆಗೆದ ಮೊದಲ ದನಿ. ದೇವೇಂದ್ರಪ್ಪನ ಕೈ ತನಗೆ ತಿಳಿಯದಂತೆ ಹೆಗಲಿಗೆ ಹೋಯಿತು, ಅಲ್ಲಿ ವಲ್ಲಿ ಇರಲಿಲ್ಲ.

"ಮರಿಕಲ್‌ಗಾ?" ಎಂದ ಹರಿಗೋಲಿನವನು, ಮಗುವಿಗೆ ದಾರಿ ಮಾಡಿಕೊಡುವವನಂತೆ.

ಹುಡುಗಿ ಅಲ್ಲವೆಂದು ತಲೆಯಾಡಿಸಿದಳು, ಬಾಯಿ ಮುಚ್ಚಿಕೊಳ್ಳಲು ಹೊರಟಳು.

"ತ... ತಡಿಯಪ್ಪ," ಎಂದ ದೇವೇಂದ್ರಪ್ಪ. "ಆಕಿನ ಹೇ... ಹೇಳ್ತಾಳ."

ಹರಿಗೋಲಿನವನು ಬೆರಗಾಗಿ ಹುಟ್ಟು ಹಾಕುವುದನ್ನು ನಿಲ್ಲಿಸಿದ. ಹರಿಗೋಲು ನಡುನೀರಿನಲ್ಲಿ ನಿಧಾನವಾಗಿ ಒಂದು ಸುತ್ತು ತಿರುಗಿತು. ಗದ್ವಾಲದ ದಂಡೆ ಸರಿದು ಮಕ್ತಲದ ದಂಡೆ ಎದುರಿಗೆ ಬಂತು.  ಹುಡುಗಿ ಅಪ್ಪನ ಮುಖ ನೋಡಿದಳು. ಅಪ್ಪ ಈ ಸಲ ನೀರಿನ ಕಡೆ ನೋಡಲಿಲ್ಲ, ಅವಳನ್ನೇ ನೋಡುತ್ತ ಕೂತಿದ್ದ.

"ಮ... ಮಕ್ತಲ್‌ಗೆ," ಎಂದಳು ಅಮರಮ್ಮ. "ಸಾ... ಸಾಲಿಗೆ. ನಾವಿಬ್ರೂ."